ದರ್ಜಿ ಹಾಕಿದ ಬ್ರೇಕು

ತೇಪೆ ಮಾವನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಬಗೆಯ ವಸ್ತುಗಳು: ಹೊಲಿದು ಮುಗಿದವು, ಇನ್ನೂ ಹೊಲಿಯಬೇಕಾದವು. ವೃತ್ತಿಯಿಂದ ಅವರು ದರ್ಜಿ. ಪ್ರವೃತ್ತಿಯಿಂದ ಸಕಲ ಯಂತ್ರಗಳ ಶತ್ರು, ಆದರೆ ತಾವು ಮಿತ್ರರೆಂದೇ ಅವರು ನಂಬಿದ್ದರು. ಮುರಿದ ಛತ್ರಿಯಿಂದ ಹಿಡಿದು ಕುಂಟುವ ಕುರ್ಚಿಯವರೆಗೆ ಮನೆಯ ಯಾವ ವಸ್ತುವೂ ಅವರ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಛತ್ರಿ ಬದುಕಿತು, ಕುರ್ಚಿಯೂ ಬದುಕಿತು. ಗೋಡೆ ಗಡಿಯಾರ ಮಾತ್ರ ರಿಪೇರಿಯಾದ ಮೇಲೆ ಗಂಟೆ ಹೊಡೆಯುವುದನ್ನು ಬಿಟ್ಟು ಕೆಮ್ಮತೊಡಗಿತು. ‘ಹಳೇ ಗಡಿಯಾರ, ಎದೆ ಕಟ್ಟಿದೆ’ ಎಂದು ಮಾವ ಸಮಜಾಯಿಷಿ ಕೊಟ್ಟರು.

ಹೆಂಡತಿಯ ಕಾರನ್ನು ಮಾತ್ರ ಅವರು ಅದುವರೆಗೆ ಮುಟ್ಟಿರಲಿಲ್ಲ. ಮುಟ್ಟಲು ಆಕೆ ಬಿಟ್ಟಿರಲಿಲ್ಲ ಎನ್ನುವುದೇ ಸರಿ. ಆಕೆ ಡ್ರೈವಿಂಗ್ ಕಲಿಸುವ ಟೀಚರಮ್ಮ. ಇರುವುದು ಒಂದೇ ಕಾರು. ಮನೆಯ ಮುಂಭಾಗದ ಕೋಣೆ ಮಾವನ ಹೊಲಿಗೆ ಅಂಗಡಿ, ಅದರ ಪಕ್ಕದ ಶೆಡ್ಡು ಕಾರಿನ ಅರಮನೆ. ಲೋಕದ ಉಳಿದ ಕಾರುಗಳು ಓಡುವುದಕ್ಕೆ ಹುಟ್ಟಿದ್ದರೆ ಈ ಕಾರು ಹುಟ್ಟಿದ್ದೇ ನಿಲ್ಲುವುದಕ್ಕೆ. ಕಲಿಯಲು ಬಂದವರು ನಾಯಿ ಕಂಡರೆ ಬ್ರೇಕು, ನೆರಳು ಕಂಡರೆ ಬ್ರೇಕು, ಏನೂ ಕಾಣದಿದ್ದರೆ ಗಾಬರಿಯಾಗಿ ಇನ್ನೊಂದು ಬ್ರೇಕು ಒತ್ತುತ್ತಿದ್ದರು. ಅವರು ಮರೆತಾಗ ಟೀಚರಮ್ಮ ತಮ್ಮ ಕಾಲ ಕೆಳಗಿನ ಎರಡನೆಯ ಬ್ರೇಕು ಒತ್ತುತ್ತಿದ್ದರು. ಹೀಗಿದ್ದ ಮೇಲೆ ಒಂದು ದಿನ ಸ್ಟೀರಿಂಗ್ ಹಿಂದಿನ ಫಲಕದಲ್ಲಿ ಹಳದಿ ದೀಪ ಹೊತ್ತಿಕೊಂಡು, ‘ಅಮ್ಮಾ, ಬ್ರೇಕ್ ಪ್ಯಾಡು ಸವೆದು ಕಾಗದವಾಯಿತು’ ಎಂದು ಸಾರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಶ್ಚರ್ಯವಾಗಿದ್ದು ಆಮೇಲೆ. ಟೀಚರಮ್ಮನ ತಮ್ಮ ಅದೇ ಬೀದಿಯ ತುದಿಯಲ್ಲಿ ಗ್ಯಾರೇಜು ಇಟ್ಟಿದ್ದ. ಊರೆಲ್ಲ ಅವನನ್ನು ಸ್ಪ್ಯಾನರ್ ಎಂದೇ ಕರೆಯುತ್ತಿತ್ತು. ಹೊಸ ಪ್ಯಾಡಿನ ಡಬ್ಬಿಯನ್ನು ತಂದುಕೊಟ್ಟು, ನಾಳೆ ಬಂದು ಹಾಕುತ್ತೇನೆಂದು ಹೊರಟವನು ಬಾಯಿ ಮುಚ್ಚಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ.

“ಭಾವ, ನೀವು ಇದನ್ನ ಮುಟ್ಟೋಕೆ ಹೋಗ್ಬೇಡಿ. ಇದು ಪ್ಯಾಂಟಿನ ಜಿಪ್ಪಲ್ಲ.”

ಅಷ್ಟೇ ಸಾಕಾಯಿತು. ತೇಪೆ ಮಾವನ ಮೀಸೆ ತಾನಾಗಿಯೇ ಎದ್ದು ನಿಂತಿತು. ಮರುದಿನ ಬೆಳಗ್ಗೆ ಟೀಚರಮ್ಮ ಸಂತೆಗೆ ಹೋದ ಹೊತ್ತು ನೋಡಿ ಅವರು ಜಾಕು ಏರಿಸಿದರು. ಕಾರಿನಡಿ ಮರದ ದಿಮ್ಮಿ ಕೊಟ್ಟು, ಮುಂದಿನ ಗಾಲಿಗಳನ್ನು ಕಳಚಿ, ಹಳೆಯ ಪ್ಯಾಡುಗಳನ್ನು ಹಲ್ಲು ಕೀಳುವಂತೆ ಕಿತ್ತರು. ಎಡಗಾಲಿಯ ಪ್ಯಾಡಿಗೆ ಅಂಟಿಕೊಂಡಿದ್ದ ತೆಳ್ಳಗಿನ ತಂತಿಯೊಂದನ್ನು ಬಿಡಿಸಿ, ಒರೆಸಿ, ಹೊಸ ಪ್ಯಾಡಿಗೆ ಅಷ್ಟೇ ಚೆಂದಾಗಿ ಸಿಕ್ಕಿಸಿದರು. ಬೋಲ್ಟುಗಳನ್ನು ಒಂದಕ್ಕೆ ಎರಡು ಸಲ ಬಿಗಿದರು. ಪೆಡಲನ್ನು ಗಟ್ಟಿಯಾಗುವವರೆಗೆ ತುಳಿದರು. ನ್ಯಾಯವಾಗಿ ಹೇಳಬೇಕೆಂದರೆ ಕೆಲಸದಲ್ಲಿ ಒಂದು ನೂಲಿನಷ್ಟೂ ಕೊಂಕಿರಲಿಲ್ಲ. ಕಾರು ಹೇಳಿದಲ್ಲಿ ನಿಂತಿತು. ಟೀಚರಮ್ಮನೇ ಓಡಿಸಿ ನೋಡಿ, ಸಿಟ್ಟು ಮಾಡಿಕೊಳ್ಳಲು ಏನೂ ಸಿಗದೆ ತಬ್ಬಿಬ್ಬಾದರು.

ದೀಪ ಮಾತ್ರ ಆರಲಿಲ್ಲ.

ನಡುವೆ ಒಂದು ಉಂಗುರ, ಎರಡೂ ಬದಿಗೆ ತುಂಡು ತುಂಡು ಗೆರೆ. ಮಾವನ ಕಣ್ಣಿಗೆ ಅದು ಗುಂಡಿ ತೂರಿಸುವ ಕಾಜದ ಸುತ್ತ ಹಾಕಿದ ಕಚ್ಚಾ ಹೊಲಿಗೆಯ ಹಾಗೆ ಕಾಣುತ್ತಿತ್ತು. ಕೀ ತಿರುಗಿಸಿದರೆ ಸಾಕು, ಹಲ್ಲು ಕಿರಿಯುತ್ತಿತ್ತು.

ಬೇರೆ ದಿನವಾಗಿದ್ದರೆ ಅದರ ಪಾಡಿಗೆ ಅದು ಉರಿದುಕೊಳ್ಳಲಿ ಎನ್ನಬಹುದಿತ್ತು. ಆದರೆ ಮಾರನೆಯ ದಿನ ಸಂಜೆ ನಾಲ್ಕಕ್ಕೆ ಕಾರಿನ ತಪಾಸಣೆ. ಕಲಿಸುವ ಕಾರಿಗೆ ತಪಾಸಣೆಯ ಚೀಟಿ ಇಲ್ಲದೆ ಕ್ಲಾಸು ನಡೆಸುವ ಹಾಗಿಲ್ಲ; ಫಲಕದಲ್ಲಿ ಒಂದು ದೀಪ ಉರಿದರೂ ಚೀಟಿ ಇಲ್ಲ. ಈ ಸಲ ತಪ್ಪಿದರೆ ಮತ್ತೆ ಸರದಿ ಬರುವುದು ಎರಡು ತಿಂಗಳ ಮೇಲೆ. ಅಲ್ಲಿಯವರೆಗೆ ಟೀಚರಮ್ಮ ಮನೆಯಲ್ಲಿ ಕೂರಬೇಕು, ಕಲಿಯುವವರು ಎದುರು ಬೀದಿಯ ದೊಡ್ಡ ಸ್ಕೂಲಿಗೆ ಹೋಗುತ್ತಾರೆ, ಹೋದವರು ವಾಪಸ್ಸು ಬರುವುದಿಲ್ಲ. ವರ್ಷಗಟ್ಟಲೆ ಒಬ್ಬಳೇ ಕಟ್ಟಿದ ಕ್ಲಾಸು ಒಂದು ಚೋಟುದ್ದದ ದೀಪಕ್ಕೆ ಆಹುತಿ.

ತಪಾಸಣೆಯ ದಿನ ಬೆಳಗಾಗುತ್ತಲೇ ಮಾವ ದಂಡಯಾತ್ರೆ ಹೊರಟರು. ಮೊದಲಿಗೆ ಹ್ಯಾಂಡ್ ಬ್ರೇಕು. ಎತ್ತಿ ಇಳಿಸಿದರು, ಇಳಿಸಿ ಎತ್ತಿದರು. ದೀಪ ಕದಲಲಿಲ್ಲ. ಆಮೇಲೆ ಬ್ರೇಕ್ ಎಣ್ಣೆ. ಗೆರೆಯ ತನಕ ತುಂಬಿತ್ತು. ಗಾಲಿ ಬಿಚ್ಚಿ ಪ್ಯಾಡು ನೋಡಿದರೆ ರಸ್ಕಿನಷ್ಟು ದಪ್ಪ. ಡಿಸ್ಕು ಕನ್ನಡಿಯ ಹಾಗೆ ಫಳಫಳ. ತಂತಿಯನ್ನು ಎಳೆದು ನೋಡಿದರೆ ಗಟ್ಟಿ. ಬ್ಯಾಟರಿಯ ವಯರು ಕಳಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. ರೇಡಿಯೋ ತನ್ನ ಸ್ಟೇಷನ್ನುಗಳನ್ನೆಲ್ಲ ಮರೆಯಿತು, ಗಡಿಯಾರ ಸೊನ್ನೆಗೆ ಬಂತು, ದೀಪ ಮಾತ್ರ ಹುಟ್ಟುಗುಣ ಬಿಡಲಿಲ್ಲ.

“ಏನಾಯ್ತು ರೀ?” ಅಡುಗೆಮನೆಯ ಕಿಟಕಿಯಿಂದ ಟೀಚರಮ್ಮ.

“ಆಗ್ತಾ ಇದೆ ಕಣೇ.”

“ಅದನ್ನ ನಿನ್ನೆಯಿಂದ ಕೇಳ್ತಾ ಇದೀನಿ. ಏನಾಗ್ತಾ ಇದೆ ಅಂತ ಹೇಳಿ.”

“ಒಂದೊಂದೇ ಕಾರಣ ಹೊರಗೆ ಹಾಕ್ತಾ ಇದೀನಿ. ಕೊನೆಗೆ ಉಳಿದಿದ್ದೇ ಕಾರಣ.”

“ಕೊನೆಗೆ ಉಳಿಯೋದು ನೀವೇ ಅನ್ಸುತ್ತೆ.”

ಅಂಗಡಿಯ ಹೊಸ್ತಿಲಲ್ಲಿ ಕೂತು ಗುಂಡಿ ವಿಂಗಡಿಸುತ್ತಿದ್ದ ಅಜ್ಜಿಗೆ, ಅಂದರೆ ಮಾವನ ತಾಯಿಗೆ, ಮಗನ ಗೋಳು ನೋಡಲಾಗಲಿಲ್ಲ. “ಅದಕ್ಯಾಕೋ ಇಷ್ಟು ಒದ್ದಾಟ? ಒಂದು ತುಂಡು ಕರಿ ಬಟ್ಟೆ ಅಂಟಿಸಿಬಿಡು ಅದರ ಮೇಲೆ. ಕಾಣೋದೇ ಇಲ್ಲ.”

ಸತ್ಯ ಹೇಳಬೇಕೆಂದರೆ ಮಾವನ ಮನಸ್ಸು ಒಂದು ಗಳಿಗೆ ಆ ಕಡೆ ಜಾರಿತು. ಕೈ ಆಗಲೇ ಜೇಬಿನ ಕತ್ತರಿಗೆ ಹೋಗಿತ್ತು. ಅಷ್ಟರಲ್ಲಿ ಸೊಸೆ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದರು.

“ಅತ್ತೆ, ನೀವು ಸುಮ್ನಿರಿ. ನಾನು ದಿನಾ ಹೇಳಿಕೊಡೋದೇನು? ದೀಪ ಹತ್ತಿದ್ರೆ ಗಾಡಿ ನಿಲ್ಸಿ, ಏನು ಅಂತ ನೋಡಿ ಅಂತ. ನಾನೇ ದೀಪಕ್ಕೆ ಬಟ್ಟೆ ಮುಚ್ಚಿ ಪಾಠ ಮಾಡ್ಲಾ? ಹಾಗೆ ಚೀಟಿ ತಗೊಳ್ಳೋದಾದ್ರೆ ನಂಗೆ ಚೀಟಿನೇ ಬೇಡ.”

ಮಾವನ ಕೈ ಜೇಬಿನಿಂದ ಖಾಲಿಯಾಗಿ ಹೊರಬಂತು. ಹೆಂಡತಿ ಒಳಗೆ ಹೋದ ಮೇಲೂ ಅವರು ಆಕೆ ನಿಂತಿದ್ದ ಜಾಗವನ್ನೇ ನೋಡುತ್ತಿದ್ದರು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿದ್ದು ಆಕೆಯ ಗಮನಕ್ಕೂ ಬಂದಿರಲಿಲ್ಲ. ಆಕೆ ಹೀಗೆ ಎಚ್ಚರ ತಪ್ಪಿದ್ದನ್ನು ಮಾವ ನೋಡಿದ್ದು ಅದೇ ಮೊದಲು. ನಡುರಸ್ತೆಯಲ್ಲಿ ಕಲಿಯುವವರು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡಾಗಲೂ ಎಚ್ಚರ ತಪ್ಪದ ಹೆಂಗಸು ಆಕೆ.

ಮಧ್ಯಾಹ್ನ ಊಟದ ಹೊತ್ತು ಕಳೆಯಿತು. ಆಗ ಬಂದ ಸ್ಪ್ಯಾನರ್, ಕೈಯಲ್ಲಿ ಚಹಾದ ಲೋಟ, ಮುಖದಲ್ಲಿ ಗೆದ್ದವನ ಕಳೆ. ಕಾರಿನ ಪಕ್ಕ ಸ್ಟೂಲು ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ನಾಟಕಕ್ಕೆ ಮುಂದಿನ ಸಾಲಿನ ಟಿಕೆಟ್ಟು ಸಿಕ್ಕವನ ಹಾಗೆ ಕೂತ.

“ಏನ್ ಭಾವ, ದೀಪಾಲಂಕಾರ ಜೋರಾಗಿದೆ?”

“ನೀನು ಚಹಾ ಕುಡಿಯೋಕೆ ಬಂದ್ಯೋ, ನನ್ನ ರಕ್ತ ಕುಡಿಯೋಕೆ ಬಂದ್ಯೋ?”

“ಚಹಾ ಮುಗೀಲಿ, ಆಮೇಲೆ ನೋಡೋಣ. ನಂಗೆ ಗೊತ್ತು ಏನಾಗಿದೆ ಅಂತ. ಇಲ್ಲಿಂದ್ಲೇ ಹೇಳಬಲ್ಲೆ.”

“ಹಾಗಾದ್ರೆ ಬೊಗಳು.”

“ಹೇಳ್ತೀನಿ. ನೀವು ‘ಸೋತೆ’ ಅನ್ನಿ. ಒಂದೇ ಒಂದು ಮಾತು. ಎರಡಕ್ಷರ.”

ತೇಪೆ ಮಾವ ಬೋಲ್ಟಿನ ಕಡೆಗೆ ತಿರುಗಿದರು. ಸೋತೆ! ಮದುಮಗನ ಕೋಟು ಮದುವೆಯ ಹಿಂದಿನ ದಿನ ಎರಡು ಇಂಚು ಚಿಕ್ಕದಾದಾಗಲೂ ಅವರು ಆ ಮಾತು ಆಡಿರಲಿಲ್ಲ. ‘ಹುಡುಗ ದಪ್ಪಗಾಗಿದ್ದಾನೆ’ ಎಂದಿದ್ದರು. ಕೋಟಿನ ಒಳಗಿನ ಹೆಚ್ಚುವರಿ ಬಟ್ಟೆ ಬಿಚ್ಚಿ ರಾತ್ರೋರಾತ್ರಿ ಗೆದ್ದಿದ್ದರು. ಆದರೆ ಕಾರಿನ ಒಳಗೆ ಹೆಚ್ಚುವರಿ ಬಟ್ಟೆ ಎಲ್ಲಿದೆ?

ಒಳಗೆ ಟೀಚರಮ್ಮ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. ಆಚೆ ಕಡೆ ಇದ್ದವರು ಹಲ್ಲಿನ ಡಾಕ್ಟರಮ್ಮ. ಕಲಿಯುವವರಲ್ಲಿ ಎಲ್ಲರಿಗಿಂತ ಉತ್ಸಾಹಿ, ಎಲ್ಲರಿಗಿಂತ ಅಪಾಯಕಾರಿ. “ಇಲ್ಲ ಡಾಕ್ಟ್ರೇ, ಸಂಜೆ ಕ್ಲಾಸು ಇರುತ್ತೋ ಇಲ್ವೋ ಹೇಳಕ್ಕಾಗಲ್ಲ... ಎದುರು ಬೀದಿಯವರ ನಂಬರಾ? ಹೂಂ, ಇದೆ. ಕೊಡ್ತೀನಿ. ಪರವಾಗಿಲ್ಲ ಬಿಡಿ.”

ಪರವಾಗಿಲ್ಲ ಬಿಡಿ ಎನ್ನುವ ಆ ದನಿ ಮಾವನ ಎದೆಗೆ ಸೂಜಿಯಂತೆ ಇಳಿಯಿತು. ಅವರು ಎದ್ದರು. ಮೊಣಕಾಲಿನ ಧೂಳು ಕೊಡವಿದರು. ಕೋಟೆಯ ಬೀಗದ ಕೈ ಒಪ್ಪಿಸಲು ಬಂದ ಅರಸನ ಗತ್ತಿನಲ್ಲಿ ಭಾವಮೈದುನನ ಎದುರು ನಿಂತರು.

“ಸೋತೆ.”

ಸ್ಪ್ಯಾನರ್ ಚಹಾ ನೆತ್ತಿಗೇರಿ ಕೆಮ್ಮಿದ. ಇದನ್ನು ಅವನೇ ನಿರೀಕ್ಷಿಸಿರಲಿಲ್ಲ. “ಏನಂದ್ರಿ?”

“ಕೇಳಿಸ್ತಲ್ಲ? ಸೋತೆ, ಸೋತೆ, ಸೋತೆ. ಬೇಕಾದ್ರೆ ಬಟ್ಟೆ ಮೇಲೆ ಕಸೂತಿ ಹಾಕಿ ಕೊಡ್ತೀನಿ, ಗ್ಯಾರೇಜಲ್ಲಿ ತೂಗು ಹಾಕ್ಕೋ. ಈಗ ಎದ್ದೇಳು. ನನ್ನ ಹೆಂಡ್ತಿ ಕ್ಲಾಸು ಮುಚ್ಚೋದು ನಾನು ನೋಡಲಾರೆ.”

ಇಷ್ಟು ಸಲೀಸಾಗಿ ಸಿಕ್ಕ ಗೆಲುವು ಸ್ಪ್ಯಾನರಿಗೆ ರುಚಿಸಲಿಲ್ಲ. ಲೋಟ ಕೆಳಗಿಟ್ಟು, ನಗು ಒರೆಸಿಕೊಂಡು, ಎಡಗಾಲಿ ಕಳಚಿದ್ದ ಜಾಗಕ್ಕೆ ತಲೆ ತೂರಿಸಿದ. ಮರುಕ್ಷಣವೇ ಅವನ ತಲೆ ಹೊರಬಂತು.

“ಭಾವ, ಇದು ಹಳೇ ಸೆನ್ಸರು.”

“ಯಾವ ಸೆನ್ಸಾರು?”

“ಈ ತಂತಿ. ಪ್ಯಾಡಿನ ಜೊತೆಗೆ ಇದರ ತುದೀನೂ ಸವೆಯುತ್ತೆ. ಸವೆದು ತುಂಡಾದ್ರೆ ದೀಪ ಹತ್ತುತ್ತೆ. ತುಂಡಾದ್ದನ್ನೇ ಒರೆಸಿ ವಾಪಸ್ ಹಾಕಿದೀರಲ್ಲ, ಪ್ಯಾಡು ಹೊಸದು ಅಂತ ಕಾರಿಗೆ ಹೇಳೋರು ಯಾರು? ಹೊಸದು ಡಬ್ಬಿಯೊಳಗೇ ಇತ್ತಲ್ಲ, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ?”

ತೇಪೆ ಮಾವ ಅಂಗಡಿಯ ಕಡೆ ತಿರುಗಿ ನೋಡಿದರು.

“ಅದು... ಅದು ಸ್ಪೇರ್ ಗುಂಡಿ ಅಲ್ವೇನೋ?”

ಇಲ್ಲಿ ಓದುಗರು ನಗುವ ಮೊದಲು ದರ್ಜಿಯ ಕಣ್ಣಿನಿಂದ ನೋಡಬೇಕು. ಒಳ್ಳೆಯ ಅಂಗಿಯ ಜೊತೆ ಸಣ್ಣ ಚೀಲದಲ್ಲಿ ಒಂದು ಹೆಚ್ಚುವರಿ ಗುಂಡಿ ಬಂದೇ ಬರುತ್ತದೆ. ಅದನ್ನು ಅಂಗಿಗೆ ಹೊಲಿಯುವವನು ಮೂರ್ಖ, ಜೋಪಾನವಾಗಿ ಎತ್ತಿಡುವವನು ಜಾಣ. ಮಾವ ಜೀವಮಾನವೆಲ್ಲ ಜಾಣರಾಗಿದ್ದವರು. ಪ್ಯಾಡಿನ ಡಬ್ಬಿಯಿಂದ ಸಣ್ಣ ಚೀಲ ಉದುರಿದಾಗ, ‘ಭಲೇ, ಮರ್ಯಾದಸ್ಥ ಕಂಪನಿ’ ಎಂದು ಮೆಚ್ಚಿ, ಮುಂದೆಂದಾದರೂ ಬೇಕಾದೀತೆಂದು ಗುಂಡಿಗಳ ಜೊತೆ ಸೇರಿಸಿದ್ದರು.

ಸ್ಪ್ಯಾನರ್ ಕಾರಿನ ಪಕ್ಕ ನೆಲಕ್ಕೆ ಬಿದ್ದ. ಬಿದ್ದಲ್ಲೇ ಹೊರಳಾಡಿ ನಕ್ಕ. ನಗುವಿಗೆ ಓಡಿ ಬಂದ ಟೀಚರಮ್ಮನಿಗೆ ವಿಷಯ ಹೇಳಲು ಅವನಿಗೆ ಉಸಿರು ಸಾಲದೆ, ‘ಗುಂಡಿ, ಅಕ್ಕಾ, ಗುಂಡಿ’ ಎಂದಷ್ಟೇ ಹೇಳಿದ. ಆಕೆ ಗಡಿಯಾರ ನೋಡಿದರು. ಮೂರು ದಾಟಿತ್ತು.

“ನಗೋದು ಆಮೇಲೆ! ಹುಡುಕಿ!”

ಅಂಗಡಿಗೆ ದಾಳಿ ನಡೆಯಿತು. ಗೋಡೆಯುದ್ದಕ್ಕೂ ಗುಂಡಿಯ ಡಬ್ಬಿಗಳು, ನೆಲದಿಂದ ಮಾಡಿನವರೆಗೆ. ಮಾವ ಇಟ್ಟದ್ದು ಮೇಜಿನ ಮೇಲಿನ ಗುಂಡಿಗಳ ರಾಶಿಯಲ್ಲಿ. ಮೇಜಿನ ಮೇಲಿದ್ದುದನ್ನು ಯಾರೋ ಎತ್ತಿಟ್ಟಿದ್ದರು. ಸ್ಪ್ಯಾನರ್ ಡಬ್ಬಿಗಳನ್ನು ನೆಲಕ್ಕೆ ಸುರಿಯತೊಡಗಿದ. ಹವಳದ ಬಣ್ಣದವು, ಹಿತ್ತಾಳೆಯವು, ಮರದವು, ರೇಷ್ಮೆ ಸುತ್ತಿದವು ನೆಲದ ತುಂಬ ಉರುಳಾಡಿದವು. ಟೀಚರಮ್ಮ ಅವುಗಳ ಮೇಲೆ ಕಾಲಿಟ್ಟು ಜಾರಿ, ಹೊಲಿಗೆ ಯಂತ್ರವನ್ನು ತಬ್ಬಿಕೊಂಡು ಬಚಾವಾದರು. ಮಾವ ‘ಅಯ್ಯೋ ನನ್ನ ವಿಂಗಡಣೆ!’ ಎಂದು ಒಂದು ಕಣ್ಣಿನಲ್ಲಿ ಅಳುತ್ತ, ಇನ್ನೊಂದರಲ್ಲಿ ಹುಡುಕುತ್ತಿದ್ದರು.

“ಯಾಕ್ರೋ ಮನೆ ಮಗುಚ್ತಾ ಇದೀರಿ?” ಹೊಸ್ತಿಲಿನಿಂದ ಅಜ್ಜಿ ಗದರಿದರು. “ಏನು ಬೇಕು, ಕೇಳಬಾರದಾ?”

“ಅಮ್ಮಾ, ಒಂದು ತಂತಿ. ಚೀಲದಲ್ಲಿತ್ತು. ತುದೀಲಿ ಕರೀದೊಂದು—”

“ಬಾಲ ಇರೋ ಗುಂಡಿನಾ? ಎಂಥ ಕಂಪನಿಯೋ ಏನೋ, ಗುಂಡಿಗೆ ಯಾರಾದ್ರೂ ಬಾಲ ಇಡ್ತಾರಾ?” ಅಜ್ಜಿ ಪಕ್ಕದಲ್ಲೇ ಇದ್ದ ಡಬ್ಬಿಗೆ ಕೈ ಹಾಕಿದರು. “ಕರೀದು, ಎರಡು ತೂತು. ಕರಿ ಎರಡು ತೂತಿನ ಡಬ್ಬಿಗೇ ಹಾಕಿದೀನಿ. ಬೇರೆಲ್ಲಿಗೆ ಹಾಕಲಿ?”

ತಂತಿಯ ತುದಿಯ ಕರಿ ಪ್ಲಗ್ಗಿಗೆ ನಿಜವಾಗಿಯೂ ಎರಡು ತೂತುಗಳಿದ್ದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ. ಮಾವ ತಾಯಿಯ ಕೈಯಿಂದ ಅದನ್ನು ಕಸಿದು, ಆಕೆಯ ನೆತ್ತಿಗೆ ಮುತ್ತಿಟ್ಟು, ಶೆಡ್ಡಿಗೆ ಹಾರಿದರು. ಸ್ಪ್ಯಾನರ್ ಕೈ ಚಾಚಿದ.

“ಕೊಡಿ ಭಾವ, ಎರಡು ನಿಮಿಷದ ಕೆಲಸ.”

“ಸೋತಿದ್ದು ನಾನು. ಹಾಕೋನೂ ನಾನೇ. ನೀನು ಟಾರ್ಚು ಹಿಡಿ.”

ಸ್ಪ್ಯಾನರ್ ಟಾರ್ಚು ಹಿಡಿದ. ಮಾವ ಸವೆದ ತಂತಿಯನ್ನು ಕಳಚಿ ಹೊಸದನ್ನು ಪ್ಯಾಡಿನ ಸೀಳಿನಲ್ಲಿ ಕೂರಿಸಿದರು. ಸೂಜಿಗೆ ದಾರ ಪೋಣಿಸಿದಷ್ಟು ಸಲೀಸಾಗಿ ತಂತಿಯನ್ನು ಕೊಕ್ಕೆಗಳಲ್ಲಿ ಹಾಯಿಸಿ, ಗಾಲಿ ತಿರುಗಿದಾಗ ಉಜ್ಜದ ಹಾಗೆ ನೋಡಿ, ಪ್ಲಗ್ಗು ಒತ್ತಿದರು. ಟಕ್ ಎಂದಿತು. ಗಾಲಿ ಏರಿತು, ಜಾಕು ಇಳಿಯಿತು. ಟೀಚರಮ್ಮ ಒಳಗೆ ಕೂತು ಕೀ ತಿರುಗಿಸಿದರು.

ದೀಪ ಉರಿಯಿತು.

“ಇನ್ನೂ ಇದೆ ರೀ!”

“ಎಂಜಿನ್ ಸ್ಟಾರ್ಟ್ ಮಾಡ್ಬೇಡ ಅಕ್ಕ! ಕೀ ಹಾಗೇ ಬಿಡು. ಬ್ರೇಕ್ ಒತ್ತಿ ಹಿಡ್ಕೋ. ನಿನ್ನೆಯಿಂದ ಸುಳ್ಳು ಕೇಳಿದ ಕಾರು, ನಂಬೋಕೆ ಸ್ವಲ್ಪ ಹೊತ್ತು ಬೇಕು.”

ಮೂರು ತಲೆಗಳು ಫಲಕದ ಮುಂದೆ ಒಂದರ ಮೇಲೊಂದು ಬಗ್ಗಿದವು. ಹಳದಿ ಕಾಜ ಅವರನ್ನು ದಿಟ್ಟಿಸಿತು, ಅವರು ಅದನ್ನು ದಿಟ್ಟಿಸಿದರು. ಇದ್ದಕ್ಕಿದ್ದಂತೆ, ಬೆಲೆ ತಗ್ಗಿಸಿದ ವ್ಯಾಪಾರಿಯ ಹಾಗೆ, ಸದ್ದಿಲ್ಲದೆ, ದೀಪ ಆರಿತು.

ಆಗ ಎದ್ದ ಕೂಗಿಗೆ ಎದುರು ಮನೆಯ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ಮಾವ ಭಾವಮೈದುನನನ್ನು ಎತ್ತಿ ಒಂದು ಸುತ್ತು ತಿರುಗಿಸಲು ಹೋಗಿ, ತೂಕ ತಾಳದೆ ಅರ್ಧ ಸುತ್ತಿಗೇ ಇಳಿಸಿದರು. “ಹತ್ತಿ, ಹತ್ತಿ! ಹೊತ್ತಾಯ್ತು!” ಎಂದು ಟೀಚರಮ್ಮ ಹಾರ್ನು ಒತ್ತಿದರು.

ತಪಾಸಣೆಯ ಮೈದಾನದಲ್ಲಿ ಸಾಹೇಬರು ಆಗಲೇ ಸಾಲು ನೋಡುತ್ತಿದ್ದರು. ನಗು ಎನ್ನುವುದನ್ನು ಬಿಡಿಭಾಗವೆಂದು ತಿಳಿದು ಮನೆಯಲ್ಲೇ ಬಿಟ್ಟು ಬಂದವರಂತಿದ್ದರು. ದೀಪ, ಹಾರ್ನು, ಕನ್ನಡಿ ಎಲ್ಲ ನೋಡಿದ ಮೇಲೆ ಗಾಲಿಯ ಸಂದಿಗೆ ಇಣುಕಿದರು.

“ಪ್ಯಾಡು ಹೊಸದು. ಯಾವ ಗ್ಯಾರೇಜು?”

ಸ್ಪ್ಯಾನರ್ ಬಾಯಿ ತೆರೆದ. ‘ನಮ್ಮದೇ ಸರ್’ ಎಂದುಬಿಟ್ಟರೆ ಎಲ್ಲ ಸಸೂತ್ರ. ಮಾವನೂ ಅದನ್ನೇ ಬೇಡಿಕೊಳ್ಳುತ್ತಿದ್ದರು. ಟೀಚರಮ್ಮ ಇಬ್ಬರಿಗೂ ಅವಕಾಶ ಕೊಡಲಿಲ್ಲ.

“ಗ್ಯಾರೇಜಲ್ಲ ಸರ್. ನಮ್ಮನೆಯವರೇ ಹಾಕಿದ್ದು.”

“ಇವರು ಮೆಕ್ಯಾನಿಕ್ಕಾ?”

“ದರ್ಜಿ.”

ಸಾಹೇಬರು ಕನ್ನಡಕ ತೆಗೆದರು. ಮಾವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅಂಗಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿಗಳ ಹತ್ತಿರ ನೋಟ ಸ್ವಲ್ಪ ಹೆಚ್ಚೇ ನಿಂತಿತು. ಬೆವರು ಮಾವನ ಬೆನ್ನಿನ ಹೊಲಿಗೆಯುದ್ದಕ್ಕೂ ಇಳಿಯಿತು. ಹೆಂಡತಿಯ ಕ್ಲಾಸು ದೀಪದಿಂದ ಉಳಿದು ತಮ್ಮಿಂದ ಹೋಯಿತಲ್ಲ!

“ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ,” ಎಂದರು ಸಾಹೇಬರು.

“ನಾನಾ? ನಾನ್ಯಾಕೆ ಸರ್?”

“ಇಳಿಜಾರಲ್ಲಿ ಪರೀಕ್ಷೆ ಮಾಡ್ಬೇಕು, ಮುಂದೆ ನಾನು ಕೂತಿರ್ತೀನಿ. ಬ್ರೇಕು ಹಾಕಿದೋರೂ ಒಳಗಿದ್ರೆ ನಂಗೊಂದು ಧೈರ್ಯ.”

ಟೀಚರಮ್ಮ ಸ್ಟೀರಿಂಗ್ ಹಿಡಿದರು. ಇಳಿಜಾರಿನ ತುದಿಯಲ್ಲಿ ಒಂದು ಬಿಳಿಗೆರೆ, ಗೆರೆಯ ಆಚೆ ಟೈರುಗಳನ್ನು ಪೇರಿಸಿದ ಗೋಡೆ. ಕಾರು ಹೊರಟಿತು. ವೇಗ ಹಿಡಿಯಿತು. ಗೋಡೆ ದೊಡ್ಡದಾಗುತ್ತ ಬಂತು. ಸಾಹೇಬರು ಸುಮ್ಮನಿದ್ದರು. ಇನ್ನೂ ಸುಮ್ಮನಿದ್ದರು. ಮಾವ ಬಿಗಿದ ಒಂದೊಂದೇ ಬೋಲ್ಟನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಬಿಗಿಯುತ್ತಿದ್ದರು.

“ನಿಲ್ಸಿ!”

ಟೀಚರಮ್ಮನ ಕಾಲು ಇಳಿಯಿತು. ಕಾರು ಮೂಗು ತಗ್ಗಿಸಿ, ಗುರುವಿಗೆ ನಮಸ್ಕಾರ ಹಾಕುವ ಶಿಷ್ಯನ ಹಾಗೆ, ಇದ್ದಲ್ಲೇ ನಿಂತಿತು. ಬಿಳಿಗೆರೆ ಇನ್ನೂ ಮುಂದೆ, ತುಂಬ ಮುಂದೆ, ನಿರುದ್ಯೋಗಿಯಾಗಿ ಬಿದ್ದಿತ್ತು. ಸಾಹೇಬರ ಪೆನ್ನು ಜೇಬಿನಿಂದ ಹಾರಿ ಗಾಜಿಗೆ ಬಡಿಯಿತು. ಮಾವನ ಮೂಗು ಮುಂದಿನ ಸೀಟಿಗೆ ಬಡಿಯಿತು.

“ರೀ, ಮೂಗು ಇದೆಯಾ?” ಎಂದು ಟೀಚರಮ್ಮ ಕನ್ನಡಿಯಲ್ಲಿ ನೋಡಿ ಕೇಳಿದರು.

“ಮೂಗು ಹೋದ್ರೆ ಹೋಗ್ಲಿ ಕಣೇ! ಬ್ರೇಕ್ ನೋಡು, ಬ್ರೇಕ್!”

ಸಾಹೇಬರು ಪೆನ್ನು ಹುಡುಕಿ ತೆಗೆದು, ಫಲಕದ ಮೇಲೊಮ್ಮೆ ಕಣ್ಣಾಡಿಸಿ, ಒಂದೂ ದೀಪ ಕಾಣದೆ ಚೀಟಿಗೆ ಸಹಿ ಹಾಕಿದರು. ಇಳಿಯುವಾಗ ತಮ್ಮ ಕೋಟಿನ ತೋಳಿನ ಕಿತ್ತುಹೋದ ಅಂಚನ್ನು ಎತ್ತಿ ಹಿಡಿದು, “ಇದನ್ನೂ ನಿಲ್ಲಿಸ್ತೀರಾ?” ಎಂದು ಮೆಲ್ಲಗೆ ಕೇಳಿದರು. “ಇನ್ನು ಅಲ್ಲಾಡಿದ್ರೆ ಕೇಳಿ ಸರ್!” ಎಂದರು ಮಾವ, ಊದಿಕೊಂಡ ಮೂಗಿನಲ್ಲೇ.

ಟೀಚರಮ್ಮ ಚೀಟಿಯನ್ನು ಗಾಜಿಗೆ ಅಂಟಿಸಿ, ಅದನ್ನು ಅಂಗೈಯಿಂದ ನೇವರಿಸಿ, ಫೋನು ತೆಗೆದರು. “ಡಾಕ್ಟ್ರೇ, ಆ ನಂಬರು ಅಳಿಸಿಬಿಡಿ. ಕ್ಲಾಸು ಇದೆ. ಈಗಲೇ ಬರ್ತಾ ಇದೀನಿ.” ಆಮೇಲೆ ಗಂಡನ ಕಡೆಗೂ ತಮ್ಮನ ಕಡೆಗೂ ತಿರುಗಿದರು. “ರೀ, ನೀವು ಇಳೀರಿ; ನೀನೂ ಹತ್ಬೇಡ ಕಣೋ. ನಡ್ಕೊಂಡು ಬನ್ನಿ. ಕಲಿಯೋರ ಕಾರಲ್ಲಿ ಜನ ತುಂಬಿದ್ರೆ ಅವರಿಗೆ ಗಾಬರಿ.” ಬಾಗಿಲು ಹಾಕುವ ಮುಂಚೆ ಗಂಡನ ಮೂಗನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು. ಅದು ತಪಾಸಣೆಯಲ್ಲ, ಬೇರೆಯೇ.

ಭಾವ, ಭಾವಮೈದುನ ಇಬ್ಬರೂ ಬೀದಿ ಹಿಡಿದು ಮನೆಯ ಕಡೆ ನಡೆದರು. ಮಾವ ಇಳಿಜಾರಿನ ಕತೆ ಹೇಳುತ್ತಿದ್ದರು. ಮೊದಲ ಅಂಗಡಿಯವರಿಗೆ ಹೇಳುವಾಗ ಅದು ಇಳಿಜಾರಾಗಿತ್ತು, ಎರಡನೆಯ ಅಂಗಡಿಯ ಹೊತ್ತಿಗೆ ಗುಡ್ಡವಾಯಿತು, ಮೂರನೆಯ ಅಂಗಡಿಯ ಮುಂದೆ ಅವರು ಪ್ರಪಾತದ ಅಂಚಿಗೆ ಬಂದಿದ್ದರು.

ಅಷ್ಟರಲ್ಲಿ ಬೆನ್ನ ಹಿಂದೆ ಎಂಜಿನ್ನು ಗೊರಗುಟ್ಟಿತು. ಇಬ್ಬರೂ ಹಾರಿ ಗೋಡೆಗೆ ಅಂಟಿಕೊಂಡರು. ಹಲ್ಲಿನ ಡಾಕ್ಟರಮ್ಮ ಎರಡೂ ಕಣ್ಣು ಅಗಲಿಸಿ, ಸ್ಟೀರಿಂಗ್ ಅನ್ನು ರೋಗಿಯ ದವಡೆಯ ಹಾಗೆ ಬಿಗಿಯಾಗಿ ಹಿಡಿದು, ಕಾರನ್ನು ಅವರಿಂದ ಒಂದು ಗೇಣಿನಷ್ಟು ದೂರದಲ್ಲಿ ಗಕ್ಕನೆ ನಿಲ್ಲಿಸಿದ್ದರು.

ಪಕ್ಕದ ಕಿಟಕಿಯಿಂದ ಟೀಚರಮ್ಮನ ದನಿ ಸಾವಧಾನವಾಗಿ ಕೇಳಿಸಿತು: “ನೋಡಿದ್ರಾ ಡಾಕ್ಟ್ರೇ? ಇಂಥ ಬ್ರೇಕು ಇದ್ದಾಗ ಹೆದರೋದ್ಯಾಕೆ? ಎಲ್ಲಿ, ಈಗ ಮೆಲ್ಲಗೆ ಕಾಲು ತೆಗೀರಿ.”